ಅಮೆರಿಕದ ಮತಪೆಟ್ಟಿಗೆ, ಇಲೊಯಿಲೊದ ಅನ್ನದ ಪಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

2024ರ ನವೆಂಬರ್ 6. ನಮ್ಮ ಹಡಗು ಮಲಕ್ಕಾ ಜಲಸಂಧಿಯಲ್ಲಿತ್ತು. ಇಂಜಿನ್ ರೂಮಿನ ಪಾಳಿ ಮುಗಿಸಿ ಸಂಜೆ ನಾಲ್ಕರ ಹೊತ್ತಿಗೆ ಮೆಸ್‌ಗೆ ಬಂದೆ. ದಿನವೂ ಹಾಡು ಹಚ್ಚಿಕೊಂಡು ಗದ್ದಲ ಮಾಡುವ ಫಿಲಿಪಿನೋ ಸಿಬ್ಬಂದಿ ಅಂದು ಒಂದು ಮೊಬೈಲಿನ ಸುತ್ತ ಸದ್ದಿಲ್ಲದೆ ನಿಂತಿದ್ದರು. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಟ್ರಂಪ್ ಪಾಲಾಗಿತ್ತು. ನಮ್ಮ ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರ ಮೇಸ್ತ್ರಿ, ಫಿಲಿಪ್ಪೀನ್ಸಿನ ಇಲೊಯಿಲೊ ಕಡೆಯವನು. ಅವನ ಅಕ್ಕ ಕ್ಯಾಲಿಫೋರ್ನಿಯಾದಲ್ಲಿ ನರ್ಸ್, ಅಮೆರಿಕದ ಪ್ರಜೆ. ತಮ್ಮ ಅದೇ ಊರಿನಲ್ಲಿ ಹನ್ನೆರಡು ವರ್ಷದಿಂದ ಕಾಗದಪತ್ರವಿಲ್ಲದೆ ಇರುವವನು. ಅಕ್ಕ ಯಾರಿಗೆ ಮತ ಹಾಕಿದರು ಎಂದು ಕೇಳಿದೆ. ಟ್ರಂಪ್‌ಗೆ ಎಂದು ಹೇಳಿ ಅನ್ನ ಬಡಿಸಿಕೊಳ್ಳಲು ಎದ್ದುಹೋದ.

ಅಂದಿನಿಂದ ರಜೆಗೆ ಊರಿಗೆ ಬಂದಾಗಲೆಲ್ಲ ಬಂಧುಗಳು, ಗೆಳೆಯರು, ಹಡಗು ಸೇರಬೇಕೆಂದಿರುವ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ: ಅಮೆರಿಕದ ಚುನಾವಣೆ ಹೊರದೇಶಗಳಲ್ಲಿ ದುಡಿಯುವ ಫಿಲಿಪಿನೋಗಳನ್ನು ಹೇಗೆ ತಟ್ಟುತ್ತದೆ ಎಂಬುದು. ಅವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ವಕೀಲನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಹದಿನೆಂಟು ವರ್ಷ ಫಿಲಿಪಿನೋಗಳ ಜೊತೆ ಒಂದೇ ಮೇಜಿನಲ್ಲಿ ಉಂಡವನು, ಅಷ್ಟೇ. ಇಲ್ಲಿನ ಮಾಹಿತಿ 2025ರ ಕೊನೆಯವರೆಗಿನದು.

ಇದು ಫಿಲಿಪ್ಪೀನ್ಸಿನ ಪಾಡು. ಕನ್ನಡಿಗರಿಗೇಕೆ ಇದರ ಗೊಡವೆ?

ಕರಾವಳಿಯ ಯಾವ ಮನೆಯಲ್ಲಿ ಒಬ್ಬ ಹಡಗಿನವನಿದ್ದಾನೋ, ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಇದ್ದಾರೋ, ಆ ಮನೆಯವರು ಈ ಪ್ರಶ್ನೆ ಕೇಳುವುದಿಲ್ಲ. ಪಕ್ಕದ ಬಂಕಿನಲ್ಲಿ ಮಲಗುವವರು, ಪಕ್ಕದ ವಾರ್ಡಿನಲ್ಲಿ ರಾತ್ರಿಪಾಳಿ ಮಾಡುವವರು ಫಿಲಿಪಿನೋಗಳೇ. ಬೆಂಗಳೂರಿನ ಕಾಲ್ ಸೆಂಟರ್‌ಗೆ ಎದುರಾಳಿ ಇರುವುದೂ ಮನಿಲಾದಲ್ಲಿ. ಅಮೆರಿಕದ ಗ್ರೀನ್ ಕಾರ್ಡ್ ಸರದಿಯ ಮಾಸಿಕ ಪಟ್ಟಿಯಲ್ಲಿ ಭಾರತಕ್ಕೆ ಪ್ರತ್ಯೇಕ ಕಂಬಸಾಲು ಇರುವಂತೆ ಫಿಲಿಪ್ಪೀನ್ಸಿಗೂ ಇದೆ. ಅವರಿಗೆ ಬಿದ್ದ ಪೆಟ್ಟು ಒಂದೋ ನಮಗೂ ಬಿದ್ದಿರುತ್ತದೆ, ಇಲ್ಲವೇ ಮುಂದಿನ ಸರದಿ ನಮ್ಮದಾಗಿರುತ್ತದೆ.

ಒಟ್ಟು ಎಷ್ಟು ಮಂದಿ ಹೊರಗಿದ್ದಾರೆ? ಅವರ ಹಣ ಅಷ್ಟು ದೊಡ್ಡದೇ?

ಕಾಯಂ ನೆಲೆಸಿದವರನ್ನೂ ಸೇರಿಸಿದರೆ ಸುಮಾರು ಒಂದು ಕೋಟಿ ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ಅಂದಾಜು. ಕರಾರಿನ ಮೇಲೆ ಹೋಗಿ ಬರುವ ಕೆಲಸಗಾರರನ್ನು ಅಲ್ಲಿ ಎಲ್ಲರೂ 'ಓಎಫ್‌ಡಬ್ಲ್ಯು' (ಓವರ್‌ಸೀಸ್ ಫಿಲಿಪಿನೋ ವರ್ಕರ್) ಎನ್ನುತ್ತಾರೆ. ಅಲ್ಲಿನ ಸರ್ಕಾರದ 2023ರ ಸಮೀಕ್ಷೆಯಲ್ಲಿ ಇಂಥವರು 21.6 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಐವರಲ್ಲಿ ಒಬ್ಬರು ಸೌದಿಯಲ್ಲಿ. ಬ್ಯಾಂಕುಗಳ ಮೂಲಕ 2024ರಲ್ಲಿ ಊರಿಗೆ ಬಂದ ಹಣ ಸುಮಾರು 3,450 ಕೋಟಿ ಡಾಲರ್. ಕೈಯಲ್ಲಿ ತಂದದ್ದು, ವಸ್ತುರೂಪದಲ್ಲಿ ಬಂದದ್ದು ಎಲ್ಲ ಸೇರಿದರೆ 3,800 ಕೋಟಿ ದಾಟುತ್ತದೆ. ದೇಶದ ಒಟ್ಟು ಉತ್ಪನ್ನದ ಶೇ 8ಕ್ಕಿಂತ ಹೆಚ್ಚು ಇದು.

ಹಡಗಿನವರ ವಿಷಯದಲ್ಲಿ ಈ ಹಣ ಬರೀ ಮಮತೆಯ ಮಾತಲ್ಲ, ಕಾನೂನಿನ ಮಾತು. ಮೂಲವೇತನದ ಶೇ 80ರಷ್ಟನ್ನು ಪ್ರತಿ ತಿಂಗಳು ಫಿಲಿಪ್ಪೀನ್ಸಿನ ಬ್ಯಾಂಕಿನ ಮೂಲಕ ಮನೆಗೆ ಕಳುಹಿಸಲೇಬೇಕು ಎಂದು ಅವರ ಕರಾರಿನಲ್ಲಿಯೇ ಇದೆ. ಇದನ್ನು ಅವರು 'ಅಲಾಟ್‌ಮೆಂಟ್' ಎನ್ನುತ್ತಾರೆ. ನಮ್ಮ ಬೋಸನ್‌ಗೆ ಹಡಗಿನಲ್ಲಿ ಕೈಗೆ ಸಿಗುತ್ತಿದ್ದ ಹಣ ಸಿಗರೇಟಿಗೂ ಇಂಟರ್‌ನೆಟ್ ಕಾರ್ಡಿಗೂ ಸಾಕು, ಅದಕ್ಕಿಂತ ಹೆಚ್ಚಿಗಿಲ್ಲ.

ಒಂದು ಎಚ್ಚರಿಕೆ. ಈ ಹಣದಲ್ಲಿ ಶೇ 40ರಷ್ಟು ಅಮೆರಿಕದಿಂದಲೇ ಬರುತ್ತದೆ ಎಂದು ಪತ್ರಿಕೆಗಳು ಬರೆಯುತ್ತವೆ. ಅದು ಪೂರ್ತಿ ನಿಜವಲ್ಲ. ಬೇರೆ ದೇಶಗಳಿಂದ ಕಳುಹಿಸಿದ ಹಣವೂ ಎಷ್ಟೋ ಸಲ ಅಮೆರಿಕದ ಬ್ಯಾಂಕುಗಳ ಮೂಲಕ ಹಾದುಬರುತ್ತದೆ; ಆಗ ಅದು ಅಮೆರಿಕದ ಖಾತೆಗೆ ಜಮೆಯಾಗುತ್ತದೆ. ಮನಿಲಾದ ಕೇಂದ್ರೀಯ ಬ್ಯಾಂಕೇ ಈ ಮಾತು ಹೇಳುತ್ತದೆ. ಓದುವವರು ಕಡಿಮೆ.

ಅಮೆರಿಕಕ್ಕೇ ಇಷ್ಟೊಂದು ಅಂಟಿಕೊಂಡದ್ದು ಏಕೆ?

ಅಂಟಿಕೊಂಡದ್ದಲ್ಲ, ಅಂಟಿಸಿದ್ದು. 1898ರಲ್ಲಿ ಸ್ಪೇನ್ ಸೋತಾಗ ಅಮೆರಿಕ ಎರಡು ಕೋಟಿ ಡಾಲರ್ ಕೊಟ್ಟು ಇಡೀ ದ್ವೀಪಸಮೂಹವನ್ನು ಬರೆಸಿಕೊಂಡಿತು. 1906ರ ಡಿಸೆಂಬರ್‌ನಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ ಹದಿನೈದು ಮಂದಿಯ ಮೊದಲ ತಂಡ ಇಳಿಯಿತು. ಆಗ ಅವರು ಪರದೇಶಿಗಳಲ್ಲ, ಅಮೆರಿಕದ ಆಳ್ವಿಕೆಯ ಪ್ರಜೆಗಳು, ವೀಸಾ ಬೇಕಿರಲಿಲ್ಲ. 1934ರಲ್ಲಿ ಸ್ವಾತಂತ್ರ್ಯದ ಭರವಸೆ ಕೊಟ್ಟ ಅದೇ ಕಾನೂನು ಅವರನ್ನು ರಾತ್ರಿ ಬೆಳಗಾಗುವುದರೊಳಗೆ ವಿದೇಶಿಗಳನ್ನಾಗಿ ಮಾಡಿ, ವರ್ಷಕ್ಕೆ 50 ಮಂದಿ ಮಾತ್ರ ಬರಬಹುದು ಎಂದಿತು. ಮರುವರ್ಷ ಇನ್ನೊಂದು ಕಾನೂನು: ಊರಿಗೆ ಹೋಗುವವರಿಗೆ ಪುಕ್ಕಟೆ ಹಡಗಿನ ಟಿಕೆಟ್. ಹತ್ತಿದವರು ಎರಡು ಸಾವಿರಕ್ಕಿಂತ ತುಸು ಹೆಚ್ಚು ಮಂದಿ.

2025ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಕಾಗದಪತ್ರವಿಲ್ಲದವರಿಗೆ, ತಾವಾಗಿ ಹೊರಟರೆ ಟಿಕೆಟ್ಟಿನ ಜೊತೆ 1,000 ಡಾಲರ್ ಕೊಡುವುದಾಗಿ ಹೇಳಿತು. ಕೇಳಿದವರೆಲ್ಲ ಇದೇನು ಹೊಸತು ಎಂದು ಹುಬ್ಬೇರಿಸಿದರು. ಅಮೆರಿಕದ ಹಳೆಯ ಫಿಲಿಪಿನೋ ಮನೆತನಗಳಿಗೆ ಇದು ಮುತ್ತಜ್ಜನ ಕಾಲದ ಕಥೆ.

ಮುಂದೆ 1948ರಿಂದ ವಿನಿಮಯ ಕಾರ್ಯಕ್ರಮದಲ್ಲಿ ನರ್ಸ್‌ಗಳು ಹೋದರು. 1965ರ ವಲಸೆ ಕಾನೂನು ಬಾಗಿಲನ್ನು ಅಗಲ ಮಾಡಿತು. 1974ರಲ್ಲಿ ಫಿಲಿಪ್ಪೀನ್ಸಿನ ಅಧ್ಯಕ್ಷರಾಗಿದ್ದ ಹಿರಿಯ ಮಾರ್ಕೋಸ್ ಹೊಸ ಕಾರ್ಮಿಕ ಸಂಹಿತೆ ತಂದು ಜನರನ್ನು ಹೊರಗೆ ಕಳುಹಿಸುವುದನ್ನೇ ಸರ್ಕಾರದ ನೀತಿ ಮಾಡಿದರು. ಊರಿನಲ್ಲಿ ಕೆಲಸ ಹುಟ್ಟುವವರೆಗಿನ ತಾತ್ಕಾಲಿಕ ಏರ್ಪಾಡು ಅದು. ಐವತ್ತು ವರ್ಷ ದಾಟಿದೆ.

ಗಡೀಪಾರಿನ ಭಯ ಎಷ್ಟರ ಮಟ್ಟಿಗೆ ನಿಜ?

ಫಿಲಿಪಿನೋ ಮೂಲದ 40 ಲಕ್ಷಕ್ಕಿಂತ ಹೆಚ್ಚು ಮಂದಿ ಅಮೆರಿಕದಲ್ಲಿದ್ದಾರೆ. ಅವರಲ್ಲಿ ಬಹುಪಾಲು ಪ್ರಜೆಗಳು ಅಥವಾ ಗ್ರೀನ್ ಕಾರ್ಡ್ ಇರುವವರು. ಕಾಗದವಿಲ್ಲದವರು ಮೂರು ಲಕ್ಷದ ಆಸುಪಾಸು ಎಂಬ ಅಂದಾಜು ಇದೆ. ಹೆಚ್ಚಿನವರು ಗಡಿ ಹಾರಿ ಬಂದವರಲ್ಲ. ಪ್ರವಾಸಿ ವೀಸಾದಲ್ಲೋ ಹಡಗಿನಿಂದ ಇಳಿದೋ ಬಂದು, ಅವಧಿ ಮುಗಿದ ಮೇಲೂ ಉಳಿದವರು.

ಇವರಿಗೆ ಟಗಾಲೋಗ್ ಭಾಷೆಯಲ್ಲಿ ಒಂದು ಹೆಸರಿದೆ: 'ಟಿಎನ್‌ಟಿ'. 'ತಾಗೊ ನಾಂಗ್ ತಾಗೊ' ಎಂಬುದರ ಮೊಟಕು ರೂಪ. ಬಚ್ಚಿಟ್ಟುಕೊಳ್ಳುತ್ತಲೇ ಇರುವವನು ಎಂದರ್ಥ. ಬೋಸನ್‌ನ ತಮ್ಮ ವೃದ್ಧರ ಮನೆಯೊಂದರಲ್ಲಿ ಆರೈಕೆ ಮಾಡುವವನು. ಕಾರು ಓಡಿಸುವಾಗ ಎಂದೂ ವೇಗ ಮೀರುವುದಿಲ್ಲ, ಹಿಂದಿನ ದೀಪದ ಬಲ್ಬು ಹೋದರೆ ಅದೇ ಸಂಜೆ ಬದಲಿಸುತ್ತಾನಂತೆ. ಪೊಲೀಸರು ಕಾರು ನಿಲ್ಲಿಸಲು ಒಂದು ಬಲ್ಬು ಸಾಕು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ನಮ್ಮ ಗಾದೆಯನ್ನು ಅನುವಾದಿಸಿ ಹೇಳಿದಾಗ ಬೋಸನ್ ಬಿದ್ದು ಬಿದ್ದು ನಕ್ಕ.

ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ವಾಷಿಂಗ್ಟನ್‌ನಲ್ಲಿದ್ದ ಫಿಲಿಪ್ಪೀನ್ಸ್ ರಾಯಭಾರಿ ಹೊಸೆ ಮ್ಯಾನುಯೆಲ್ ರೊಮುಯಾಲ್ಡೆಸ್, ದಾಖಲೆ ಇಲ್ಲದವರು ಗಡೀಪಾರು ಆಗುವವರೆಗೆ ಕಾಯದೆ ತಾವಾಗಿ ಹೊರಡುವುದು ಮೇಲು ಎಂಬ ಸಲಹೆ ಕೊಟ್ಟರು. ಒಮ್ಮೆ ಗಡೀಪಾರು ಆದರೆ ಮತ್ತೆ ಬರಲಾಗದು ಎಂಬುದು ಅವರ ತರ್ಕ. ತರ್ಕ ಸರಿ. ಆದರೆ ವರ್ಷಗಟ್ಟಲೆ ಕಾಗದವಿಲ್ಲದೆ ಉಳಿದವನು ತಾನಾಗಿ ಹೊರಟರೂ ಹತ್ತು ವರ್ಷ ಒಳಗೆ ಬರಲಾಗದೆಂಬ ಕಾನೂನು 1996ರಿಂದಲೇ ಇದೆ. ರಾಯಭಾರಿಯ ಬುದ್ಧಿಮಾತು ಕೇಳಿ ಗಂಟು ಕಟ್ಟಿದವರು ಯಾರೂ ನನಗೆ ಸಿಕ್ಕಿಲ್ಲ.

ಹಾಗಿದ್ದೂ ಬೋಸನ್‌ನ ಅಕ್ಕ ಟ್ರಂಪ್‌ಗೆ ಏಕೆ ಮತ ಹಾಕಿದರು?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ನನಗೆ ಗೊತ್ತಿರುವುದು ಬೋಸನ್ ಹೇಳಿದಷ್ಟು. ದಿನಸಿ ಬೆಲೆ, ಚರ್ಚಿನ ಮಾತು, ಇದಕ್ಕಿಂತ ಹೆಚ್ಚಾಗಿ ಸರದಿಯ ಮೇಲಿನ ಸಿಟ್ಟು. ಅಮೆರಿಕದ ಪ್ರಜೆಯಾದವರು ಒಡಹುಟ್ಟಿದವರಿಗೆ ಅರ್ಜಿ ಹಾಕಿದರೆ ಫಿಲಿಪ್ಪೀನ್ಸಿನವರಿಗೆ ಸರದಿ ಬರಲು ಸುಮಾರು 20 ವರ್ಷ ಬೇಕು. ಅಕ್ಕ ಬೋಸನ್‌ಗಾಗಿ ಹಾಕಿದ ಅರ್ಜಿ ಹಾಗೆ ಕೊಳೆಯುತ್ತಿದೆ. ತಾನು ಪರೀಕ್ಷೆ ಬರೆದು, ಸಾಲ ಮಾಡಿ, ನೆಟ್ಟಗೆ ಬಂದವಳು. ಬೇರೆಯವರು ಬೇಲಿ ಹಾರಿ ಬಂದರು ಎಂಬ ಲೆಕ್ಕ ಅವರದು. ಆ ಬೇರೆಯವರಲ್ಲಿ ಸ್ವಂತ ತಮ್ಮನನ್ನು ಅವರು ಸೇರಿಸುವುದಿಲ್ಲ. ಮನುಷ್ಯರ ಲೆಕ್ಕ ಹೀಗೆಯೇ ಇರುತ್ತದೆ. ನಮ್ಮ ಊರಿನಲ್ಲಿ ಹೊರಗಿನವರ ಬಗ್ಗೆ ಮಾತಾಡುವಾಗ ದುಬೈಯಲ್ಲಿರುವ ಅಳಿಯನನ್ನು ಯಾರು ನೆನೆಯುತ್ತಾರೆ?

ನರ್ಸ್‌ಗಳಿಗೆ ತೊಂದರೆ ಆಗುವುದೇ?

ಸುಲಭಕ್ಕೆ ಇಲ್ಲ. ಅಮೆರಿಕದ ನೋಂದಾಯಿತ ನರ್ಸ್‌ಗಳಲ್ಲಿ ಫಿಲಿಪಿನೋಗಳು ಶೇ 4ರಷ್ಟು. ಕೋವಿಡ್‌ನಿಂದ ಸತ್ತ ನರ್ಸ್‌ಗಳಲ್ಲಿ ಮಾತ್ರ ಸುಮಾರು ಮೂರನೇ ಒಂದು ಪಾಲು ಅವರೇ ಎಂದು ಅಲ್ಲಿನ ನರ್ಸ್‌ಗಳ ಸಂಘಟನೆ 2020ರಲ್ಲಿ ಲೆಕ್ಕ ಕೊಟ್ಟಿತು. ಐಸಿಯುಗಳಲ್ಲಿ, ಹಾಸಿಗೆಯ ಪಕ್ಕದ ಕೆಲಸದಲ್ಲಿ ಅವರೇ ಹೆಚ್ಚು ಇದ್ದದ್ದು ಅದಕ್ಕೆ ಒಂದು ಕಾರಣ. ಅದೇ ವರ್ಷ ಟ್ರಂಪ್ ವಲಸೆ ವೀಸಾಗಳನ್ನು ತಡೆಹಿಡಿದಾಗಲೂ ಆರೋಗ್ಯ ಸಿಬ್ಬಂದಿಗೆ ವಿನಾಯಿತಿ ಇತ್ತು.

ಇಲ್ಲಿ ಅಧ್ಯಕ್ಷರ ಕೈ ಎಷ್ಟು ಉದ್ದ ಎಂಬುದನ್ನು ತಿಳಿಯಬೇಕು. ನರ್ಸ್‌ಗಳು ಬರುವುದು ಹೆಚ್ಚಾಗಿ ಉದ್ಯೋಗ ಆಧಾರಿತ ಮೂರನೇ ವರ್ಗದ ಗ್ರೀನ್ ಕಾರ್ಡಿನಲ್ಲಿ. ಉದ್ಯೋಗದ ಎಲ್ಲ ವರ್ಗಗಳೂ ಸೇರಿ ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ ಶೇ 7ರ ಮಿತಿ. ಈ ಅಂಕಿಗಳನ್ನು ಬರೆದದ್ದು ಅಮೆರಿಕದ ಸಂಸತ್ತು, 1990ರಲ್ಲಿ. ಯಾವ ಅಧ್ಯಕ್ಷರು ಬಂದರೂ ಅವು ಹಾಗೆಯೇ ಇವೆ. ಅಧ್ಯಕ್ಷರು ಮಾಡಬಲ್ಲದ್ದು ಸರದಿ ನಡೆಯುವ ವೇಗವನ್ನು ಬದಲಿಸುವುದು: ಸಂದರ್ಶನದ ದಿನಾಂಕ, ಶುಲ್ಕ, ತಪಾಸಣೆ, ಕೇಳುವ ಕಾಗದಗಳ ರಾಶಿ. ಬೆಂಗಳೂರಿನ ತಂತ್ರಜ್ಞರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅಧ್ಯಕ್ಷರು ಒಂದೇ ಸಹಿಯಲ್ಲಿ ಏನು ಮಾಡಬಲ್ಲರು?

ಪಟ್ಟಿಯಿಂದ ಹೆಸರು ಹೊಡೆಯಬಲ್ಲರು. ಎಚ್-2ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾ ಇದೆ. ಹೋಟೆಲ್, ಕಟ್ಟಡ, ತೋಟಗಾರಿಕೆ ಕೆಲಸಗಳಿಗೆ. ಯಾವ ದೇಶದವರು ಅರ್ಹರು ಎಂಬ ಪಟ್ಟಿಯನ್ನು ಗೃಹಭದ್ರತಾ ಇಲಾಖೆ ವರ್ಷವರ್ಷವೂ ತಯಾರಿಸುತ್ತಿತ್ತು. 2019ರ ಜನವರಿಯಲ್ಲಿ ಫಿಲಿಪ್ಪೀನ್ಸಿನ ಹೆಸರು ಮಾಯವಾಯಿತು. 2017ರಲ್ಲಿ ಹೋದವರಲ್ಲಿ ಸುಮಾರು ಶೇ 40 ಮಂದಿ ಅವಧಿ ಮೀರಿ ಉಳಿದರು ಎಂಬುದು ಕೊಟ್ಟ ಕಾರಣ. 2021ರಲ್ಲಿ, ಬೈಡನ್ ಕಾಲದಲ್ಲಿ, ಹೆಸರು ಮರಳಿ ಬಂತು. ಎರಡು ಸುತ್ತೋಲೆಗಳು, ಮಧ್ಯೆ ಸುಮಾರು ಮೂರು ವರ್ಷ. ತರಬೇತಿಗೆಂದು ಗದ್ದೆ ಅಡವಿಟ್ಟಿದ್ದ ಹುಡುಗನ ಮೂರು ವರ್ಷದ ಬಡ್ಡಿಯನ್ನು ಯಾವ ಸುತ್ತೋಲೆಯೂ ತುಂಬಿಕೊಡಲಿಲ್ಲ.

ಸ್ವಾರಸ್ಯವೆಂದರೆ, ಅಮೆರಿಕದ ಆಳ್ವಿಕೆಯ ಗುವಾಮ್ ದ್ವೀಪದಲ್ಲಿ ಸೇನಾನೆಲೆ ಕಟ್ಟಲು ಬೇಕಾದ ಕೆಲಸಗಾರರಿಗೆ ಈ ನಡುವೆಯೂ ಬೇರೆ ದಾರಿ ತೆರೆದಿತ್ತು. ತನಗೆ ಬೇಕಾದಾಗ ಕಿಂಡಿ ಬಿಡುವುದು ದೊಡ್ಡವರ ಹಳೆಯ ಅಭ್ಯಾಸ.

ಒಂದು ಲಕ್ಷ ಡಾಲರ್‌ನ ಎಚ್-1ಬಿ ಶುಲ್ಕ ಅವರಿಗೂ ತಟ್ಟುತ್ತದೆಯೇ?

ಪರಿಣತರ ಕೆಲಸದ ವೀಸಾ ಎಚ್-1ಬಿಯ ಹೊಸ ಅರ್ಜಿಗೆ ಲಕ್ಷ ಡಾಲರ್ ಶುಲ್ಕ ಎಂದು ಟ್ರಂಪ್ 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದರು. ಅದರ ಬಹುಪಾಲು ಏಟು ಭಾರತೀಯರಿಗೆ. ಎಚ್-1ಬಿ ಪಡೆಯುವವರಲ್ಲಿ ಹತ್ತರಲ್ಲಿ ಏಳು ಮಂದಿ ನಮ್ಮವರೇ. ಫಿಲಿಪಿನೋಗಳ ಪಾಲು ಶೇ 1ರ ಸುಮಾರು. ಆದರೆ ಆ ಒಂದರಲ್ಲಿ ಶಾಲಾ ಶಿಕ್ಷಕರಿದ್ದಾರೆ. ಅಮೆರಿಕದ ಹಳ್ಳಿಗಾಡಿನ ಶಾಲೆಗಳು ಗಣಿತ, ವಿಜ್ಞಾನ, ವಿಶೇಷ ಶಿಕ್ಷಣಕ್ಕೆ ಮನಿಲಾ, ಸೆಬು ಕಡೆಯಿಂದ ಶಿಕ್ಷಕರನ್ನು ಕರೆಸಿಕೊಳ್ಳುತ್ತವೆ. ದೊಡ್ಡ ಕಂಪನಿ ಲಕ್ಷ ಡಾಲರ್ ಕೊಡಬಹುದು. ಪಂಚಾಯಿತಿಯ ಅಳತೆಯ ಶಾಲಾ ಮಂಡಳಿ ಎಲ್ಲಿಂದ ತಂದೀತು?

ಊರಿಗೆ ಕಳುಹಿಸುವ ಹಣಕ್ಕೆ ತೆರಿಗೆ ಹಾಕಿದ್ದಾರಂತೆ, ನಿಜವೇ?

ನಿಜ. ಮೊದಲ ಕರಡಿನಲ್ಲಿ ಶೇ 5 ಇತ್ತು. ಚೌಕಾಸಿಯಾಗಿ ಶೇ 3.5ಕ್ಕೆ ಬಂತು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನಿನಲ್ಲಿ ಉಳಿದದ್ದು ಶೇ 1, ಜಾರಿ 2026ರ ಜನವರಿ 1ರಿಂದ. ನಗದು, ಮನಿ ಆರ್ಡರ್, ಬ್ಯಾಂಕರ್ಸ್ ಚೆಕ್ ಕೊಟ್ಟು ಕಳುಹಿಸುವ ಹಣಕ್ಕೆ ಮಾತ್ರ. ಅಮೆರಿಕದ ಬ್ಯಾಂಕ್ ಖಾತೆಯಿಂದ ಅಥವಾ ಅಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡಿನಿಂದ ಕಳುಹಿಸಿದರೆ ತೆರಿಗೆ ಇಲ್ಲ. ಕಳುಹಿಸುವವನು ಪ್ರಜೆಯೋ ಅಲ್ಲವೋ ಎಂಬುದು ಲೆಕ್ಕಕ್ಕಿಲ್ಲ.

ಮುನ್ನೂರು ಡಾಲರ್‌ಗೆ ಮೂರು ಡಾಲರ್. ಇಷ್ಟಕ್ಕೇಕೆ ಗುಲ್ಲು ಎನ್ನಬಹುದು. ಬ್ಯಾಂಕ್ ಖಾತೆ ಯಾರಿಗಿಲ್ಲ ಎಂದು ಯೋಚಿಸಿ. ಮೂಲೆ ಅಂಗಡಿಯ ಕಿಟಕಿಯಲ್ಲಿ ಸರದಿ ನಿಂತು ನೋಟು ಎಣಿಸಿ ಕೊಡುವವನು ಟಿಎನ್‌ಟಿಯೇ. ಕಾನೂನಿನಲ್ಲಿ ಅವನ ಹೆಸರಿಲ್ಲ, ಆದರೆ ಅಳತೆ ತೆಗೆದು ಹೊಲಿದ ಅಂಗಿ ಅವನಿಗೇ ಸರಿಹೊಂದುತ್ತದೆ.

ಡಾಲರ್ ಬೆಲೆ ಏರಿದರೆ ಅವರಿಗೆ ಲಾಭವೇ ಅಲ್ಲವೇ?

ಫಲಿತಾಂಶದ ನಂತರ ಡಾಲರ್ ಬಲಗೊಂಡು 2024ರ ನವೆಂಬರ್‌ನಲ್ಲಿ 59 ಪೆಸೊ ಮುಟ್ಟಿತು. ಮೆಸ್‌ನಲ್ಲಿ ಅಂದು ಸಣ್ಣ ಹಬ್ಬ. ಕ್ರಿಸ್‌ಮಸ್ ತಯಾರಿಯ ಕಾಲ ಬೇರೆ. ಅವರಲ್ಲಿ ಸೆಪ್ಟೆಂಬರ್ ಬಂದರೆ ಸಾಕು ಕ್ರಿಸ್‌ಮಸ್ ಹಾಡು ಶುರು. ಆದರೆ ಫಿಲಿಪ್ಪೀನ್ಸ್ ಅಕ್ಕಿಯನ್ನು ಹೊರಗಿನಿಂದ ತರಿಸಿಕೊಳ್ಳುವ ದೇಶಗಳ ಮುಂಚೂಣಿಯಲ್ಲಿದೆ, ಎಣ್ಣೆಯೂ ಹೊರಗಿನದೇ. ಕೈಗೆ ಬಂದ ಹೆಚ್ಚಿನ ಪೆಸೊ ಅಕ್ಕಿಮೂಟೆಗೂ ಜೀಪ್ನಿ ಎಂಬ ಊರ ಬಸ್ಸಿನ ಟಿಕೆಟ್ಟಿಗೂ ಹೋಗುತ್ತದೆ. ಲಾಭ ನಿಜವಾಗಿ ಸಿಗುವುದು ಡಾಲರಿನಲ್ಲಿ ಸಾಲ ಇಲ್ಲದ, ಸ್ವಂತ ಗದ್ದೆ ಇರುವ ಮನೆಗೆ. ಅಂಥ ಮನೆಯವರು ಹಡಗು ಹತ್ತುವುದು ಕಡಿಮೆ.

ಸುಂಕದ ಯುದ್ಧ, ಕಾಲ್ ಸೆಂಟರ್ ಇವುಗಳ ಕಥೆ?

ಚಿಕ್ಕದಾಗಿ ಹೇಳುತ್ತೇನೆ. 2025ರ ಏಪ್ರಿಲ್‌ನಲ್ಲಿ ಫಿಲಿಪ್ಪೀನ್ಸಿನ ಸರಕಿಗೆ ಶೇ 17 ಸುಂಕ ಘೋಷಿಸಿದರು. ಜುಲೈಯಲ್ಲಿ ಪತ್ರ ಬರೆದು ಶೇ 20 ಎಂದರು. ಹಿರಿಯ ಮಾರ್ಕೋಸ್‌ರ ಮಗ, ಅಧ್ಯಕ್ಷ ಕಿರಿಯ ಮಾರ್ಕೋಸ್ ಶ್ವೇತಭವನಕ್ಕೆ ಹೋಗಿ ಬಂದ ಮೇಲೆ ಶೇ 19 ಆಯಿತು. ಅಷ್ಟು ದೂರ ವಿಮಾನದಲ್ಲಿ ಹೋಗಿ ತಂದದ್ದು ಶೇ 1ರ ರಿಯಾಯಿತಿ ಎಂದು ನಮ್ಮ ಅಡುಗೆಯವನು ಇಡೀ ವಾರ ಹಾಸ್ಯ ಮಾಡಿದ.

ಕಾಲ್ ಸೆಂಟರ್ ಮತ್ತು ಅದರ ಸುತ್ತಲಿನ ಸೇವೆಗಳಲ್ಲಿ ಅಲ್ಲಿ 17 ಲಕ್ಷಕ್ಕಿಂತ ಹೆಚ್ಚು ಮಂದಿ ಇದ್ದಾರೆ, ದೊಡ್ಡ ಗಿರಾಕಿ ಅಮೆರಿಕ. ಹೊರಗುತ್ತಿಗೆಯ ಪಾವತಿಗೆ ಶೇ 25 ತೆರಿಗೆ ಹಾಕುವ ಮಸೂದೆಯೊಂದು 2025ರಲ್ಲಿ ಸೆನೆಟ್‌ನಲ್ಲಿ ಮಂಡನೆಯಾಯಿತು. ಮಂಡನೆಯಾದ ಮಸೂದೆಗಳೆಲ್ಲ ಕಾನೂನಾಗುವುದಿಲ್ಲ. ಆದರೆ ಬೆಂಗಳೂರಿನಲ್ಲೂ ಮನಿಲಾದಲ್ಲೂ ಒಂದೇ ದಿನ ಒಂದೇ ಸುದ್ದಿ ಓದಿ ನಿದ್ದೆಗೆಟ್ಟವರು ಇದ್ದಾರೆ.

ದಕ್ಷಿಣ ಚೀನಾ ಸಮುದ್ರದಲ್ಲಿ ಯುದ್ಧವಾದರೆ ಅಮೆರಿಕ ಬರುತ್ತದೆಯೇ?

ಕಾಗದದ ಮೇಲೆ ಬರಬೇಕು. 1951ರ ಆಗಸ್ಟ್ 30ರ ಪರಸ್ಪರ ರಕ್ಷಣಾ ಒಪ್ಪಂದ ಇಂದಿಗೂ ಜಾರಿಯಲ್ಲಿದೆ. 2014ರ ಇನ್ನೊಂದು ಒಪ್ಪಂದದಂತೆ ಅಮೆರಿಕದ ಪಡೆಗಳು ಒಂಬತ್ತು ಸ್ಥಳಗಳನ್ನು ಬಳಸಬಹುದು. ಅವುಗಳಲ್ಲಿ ನಾಲ್ಕು 2023ರಲ್ಲಿ ಸೇರಿದವು, ಮೂರು ಉತ್ತರ ಲುಜಾನ್‌ನಲ್ಲಿ, ಎಂದರೆ ತೈವಾನ್ ಕಡೆಗೆ ಮುಖ ಮಾಡಿ. 2024ರ ಏಪ್ರಿಲ್‌ನಲ್ಲಿ 'ಟೈಫನ್' ಕ್ಷಿಪಣಿ ವ್ಯವಸ್ಥೆ ಬಂತು. ತಾಲೀಮಿಗೆ ಬಂದದ್ದು, ಹಿಂದಿರುಗಲಿಲ್ಲ.

ಇಲ್ಲಿ ಪಕ್ಷದ ಬಣ್ಣ ನೋಡಿ ಭವಿಷ್ಯ ಹೇಳುವವರು ಎಡವುತ್ತಾರೆ. 2012ರಲ್ಲಿ ಚೀನಾ, ಫಿಲಿಪ್ಪೀನ್ಸ್ ತನ್ನದೆನ್ನುವ ಸ್ಕಾರ್ಬರೋ ಶೋಲ್ ಎಂಬ ಸಮುದ್ರದಿಬ್ಬವನ್ನು ಕೈವಶ ಮಾಡಿಕೊಂಡಾಗ ಅಧಿಕಾರದಲ್ಲಿದ್ದವರು ಒಬಾಮಾ. ದಕ್ಷಿಣ ಚೀನಾ ಸಮುದ್ರದಲ್ಲಿ ಫಿಲಿಪ್ಪೀನ್ಸಿನ ಹಡಗಿನ ಮೇಲೆ ದಾಳಿಯಾದರೆ 1951ರ ಒಪ್ಪಂದ ಅನ್ವಯಿಸುತ್ತದೆ ಎಂದು ವಿದೇಶಾಂಗ ಸಚಿವ ಪಾಂಪಿಯೊ ಮನಿಲಾದಲ್ಲಿ ಬಾಯಿಬಿಟ್ಟು ಹೇಳಿದ್ದು 2019ರಲ್ಲಿ, ಟ್ರಂಪ್‌ರ ಮೊದಲ ಅವಧಿಯಲ್ಲಿ. 2025ರ ಜನವರಿಯಲ್ಲಿ ವಿದೇಶಿ ನೆರವನ್ನೆಲ್ಲ ನಿಲ್ಲಿಸಿದಾಗಲೂ ಫಿಲಿಪ್ಪೀನ್ಸ್ ಸೇನೆಯ ಆಧುನೀಕರಣಕ್ಕೆಂದು 33.6 ಕೋಟಿ ಡಾಲರ್‌ಗೆ ವಿನಾಯಿತಿ ಸಿಕ್ಕಿತು.

ಭಯ ಇರುವುದು ಒಪ್ಪಂದ ಹರಿದುಹಾಕುತ್ತಾರೆ ಎಂದಲ್ಲ. ಬೀಜಿಂಗ್ ಜೊತೆ ದೊಡ್ಡ ವ್ಯಾಪಾರ ಕುದುರಿಸುವಾಗ ಮನಿಲಾವನ್ನು ತಕ್ಕಡಿಯಲ್ಲಿ ಕಲ್ಲಿನಂತೆ ಇಡುತ್ತಾರೆಯೇ ಎಂಬುದು. ದಕ್ಷಿಣ ಚೀನಾ ಸಮುದ್ರದಲ್ಲಿ ಫಿಲಿಪ್ಪೀನ್ಸ್ 1999ರಲ್ಲಿ ಬೇಕೆಂದೇ ದಿಬ್ಬಕ್ಕೇರಿಸಿದ ತನ್ನ ತುಕ್ಕು ಹಿಡಿದ ಹಡಗು 'ಸಿಯೆರಾ ಮಾಡ್ರೆ'ಯಲ್ಲಿ ಇಂದಿಗೂ ಕೆಲವು ನೌಕಾ ಸೈನಿಕರು ಕಾವಲಿದ್ದಾರೆ. 2024ರ ಜೂನ್ 17ರಂದು ಅವರಿಗೆ ಸಾಮಾನು ತಲುಪಿಸಲು ಹೋದ ದೋಣಿಯ ಮೇಲೆ ಚೀನಾದವರು ಕೊಡಲಿ, ಚಾಕು ಹಿಡಿದು ಎರಗಿದರು. ಒಬ್ಬ ನಾವಿಕನ ಹೆಬ್ಬೆರಳು ಹೋಯಿತು. ಒಂದು ಹೆಬ್ಬೆರಳಿಗೆ ಮಹಾಯುದ್ಧ ಯಾರಿಗೂ ಬೇಡ. ಎಷ್ಟು ಬೆರಳಿಗೆ ಎಂಬುದನ್ನು ವಾಷಿಂಗ್ಟನ್‌ನಲ್ಲಿ ಕೂತವರು ನಿರ್ಧರಿಸುತ್ತಾರೆ, ಅದೇ ಸಂಕಟ.

ತೈವಾನ್ ಪ್ರಶ್ನೆಗೂ ಕೆಲಸಗಾರರಿಗೂ ಏನು ಸಂಬಂಧ?

ತೈವಾನ್‌ನ ಕಾರ್ಖಾನೆಗಳಲ್ಲಿ, ಮನೆಗಳಲ್ಲಿ ಒಂದೂವರೆ ಲಕ್ಷದಷ್ಟು ಫಿಲಿಪಿನೋಗಳು ದುಡಿಯುತ್ತಿದ್ದಾರೆ. ಫಿಲಿಪ್ಪೀನ್ಸಿನ ಬಟಾನೆಸ್ ದ್ವೀಪಗಳಿಗೂ ತೈವಾನ್‌ಗೂ ಇರುವ ದೂರ 200 ಕಿಲೋಮೀಟರಿಗಿಂತ ಕಡಿಮೆ. 2025ರ ಆಗಸ್ಟ್‌ನಲ್ಲಿ ಮಾರ್ಕೋಸ್ ಭಾರತಕ್ಕೆ ಬಂದಿದ್ದರು, ಬೆಂಗಳೂರಿಗೂ ಬಂದರು. ಆ ಭೇಟಿಯ ವೇಳೆಯ ಸಂದರ್ಶನದಲ್ಲಿ, ತೈವಾನ್‌ಗಾಗಿ ಚೀನಾ, ಅಮೆರಿಕ ಕಾದಾಡಿದರೆ ತಮ್ಮ ದೇಶ ಹೊರಗುಳಿಯಲು ಸಾಧ್ಯವೇ ಇಲ್ಲ ಎಂದರು. ಅಲ್ಲಿರುವ ತಮ್ಮ ಜನರನ್ನೂ ನೆನೆದರು. ಚೀನಾ ಕೆರಳಿತು. ಕೋಣಗಳೆರಡು ಸೆಣಸಿದರೆ ಗಿಡಕ್ಕೆ ಮಿತ್ತು ಎಂಬುದಕ್ಕೆ ಇಷ್ಟು ನೇರ ಉದಾಹರಣೆ ಹುಡುಕಿದರೂ ಸಿಗದು. 1990ರಲ್ಲಿ ಕುವೈತ್‌ನಿಂದ ನಮ್ಮವರನ್ನು ತರಲು ಏರ್ ಇಂಡಿಯಾ ಎರಡು ತಿಂಗಳು ಹಾರಾಡಬೇಕಾಯಿತು, ಆಗ ಆಕಾಶ ತೆರೆದಿತ್ತು. ತೈವಾನ್ ಸುತ್ತ ಸಮುದ್ರ, ಆಕಾಶ ಎರಡೂ ಮುಚ್ಚಿದರೆ ಒಂದೂವರೆ ಲಕ್ಷ ಮಂದಿಯನ್ನು ಯಾವ ದಾರಿಯಲ್ಲಿ ತರುವುದು?

ಹಡಗಿನವರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದು?

ಇದು ನನ್ನ ಮನೆಯ ಪ್ರಶ್ನೆ, ಹಾಗಾಗಿ ಸ್ವಲ್ಪ ಉದ್ದವಾಗಿ.

ಜಗತ್ತಿನ ನಾವಿಕರಲ್ಲಿ ಕಾಲುಪಾಲಿನಷ್ಟು ಫಿಲಿಪಿನೋಗಳು. ಯಾವ ಸಮುದ್ರದಲ್ಲಿ ಯಾರು ಗುಂಡು ಹಾರಿಸಿದರೂ ತಾಗುವುದು ಅವರಿಗೆ. 2023ರ ನವೆಂಬರ್‌ನಲ್ಲಿ ಯೆಮನ್‌ನ ಹೌತಿ ಬಂಡುಕೋರರು 'ಗ್ಯಾಲಕ್ಸಿ ಲೀಡರ್' ಹಡಗನ್ನು ಹಿಡಿದಾಗ 25 ಮಂದಿಯಲ್ಲಿ 17 ಮಂದಿ ಫಿಲಿಪಿನೋಗಳು. ಬಿಟ್ಟದ್ದು 2025ರ ಜನವರಿ 22ರಂದು, ಗಾಜಾ ಕದನವಿರಾಮ ಶುರುವಾಗಿ ಮೂರು ದಿನಗಳ ಮೇಲೆ. 2024ರ ಮಾರ್ಚ್ 6ರಂದು 'ಟ್ರೂ ಕಾನ್ಫಿಡೆನ್ಸ್' ಮೇಲೆ ಕ್ಷಿಪಣಿ ಬಿದ್ದು ಮೂವರು ಸತ್ತರು, ಇಬ್ಬರು ಫಿಲಿಪಿನೋಗಳು. ಉಳಿದ 21 ಮಂದಿಯನ್ನು ಎತ್ತಿದ್ದು ನಮ್ಮ ಐಎನ್‌ಎಸ್ ಕೋಲ್ಕತ್ತ. ಅವರಲ್ಲಿ ಒಬ್ಬ ಭಾರತೀಯನೂ ಇದ್ದ.

2025ರ ಮಾರ್ಚ್‌ನಲ್ಲಿ ಟ್ರಂಪ್ ಹೌತಿಗಳ ಮೇಲೆ ಬಾಂಬ್ ಹಾಕಿಸಿದರು. ಮೇ 6ರಂದು ಒಮಾನ್ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ರಾಜಿಯ ಮಾತು ಅಮೆರಿಕದ ಹಡಗುಗಳಿಗೆ ಮಾತ್ರ ಎಂಬುದು ಜುಲೈಯಲ್ಲಿ ಗೊತ್ತಾಯಿತು. ಒಂದೇ ವಾರದಲ್ಲಿ 'ಮ್ಯಾಜಿಕ್ ಸೀಸ್', 'ಇಟರ್ನಿಟಿ ಸಿ' ಎರಡನ್ನೂ ಹೌತಿಗಳು ಮುಳುಗಿಸಿದರು. ಎರಡೂ ಲೈಬೀರಿಯಾ ಧ್ವಜದ, ಗ್ರೀಕರು ನಡೆಸುವ ಹಡಗುಗಳು. ದುಡಿಯುತ್ತಿದ್ದವರು ಬಹುತೇಕ ಫಿಲಿಪಿನೋಗಳು. ಎರಡನೆಯದರಲ್ಲಿ ಕೆಲವರು ಸತ್ತರು, ಕೆಲವರನ್ನು ಹಿಡಿದೊಯ್ದರು. ಲೈಬೀರಿಯಾದಲ್ಲಿ ಚುನಾವಣೆ ನಡೆದರೆ ಈ ಹುಡುಗರಿಗೆ ಏನೂ ಆಗುವುದಿಲ್ಲ, ಅದು ಅವರ ಧ್ವಜ. ಅಮೆರಿಕದ ಚುನಾವಣೆಯಿಂದ ಆಗುತ್ತದೆ, ಅದು ಅವರ ಧ್ವಜವಲ್ಲ.

ಅಪಾಯದ ವಲಯ ಎಂದು ಗುರುತಿಸಿದ ಕಡೆ ಹೋಗಲು ನಾವಿಕ ಒಲ್ಲೆ ಎನ್ನಬಹುದು, ಕಂಪನಿಯ ಖರ್ಚಿನಲ್ಲಿ ಊರಿಗೆ ಮರಳಬಹುದು. ಹೋದರೆ ಅಷ್ಟು ದಿನ ಮೂಲವೇತನದಷ್ಟೇ ಹೆಚ್ಚುವರಿ ಹಣ. ಇದು ಅಂತಾರಾಷ್ಟ್ರೀಯ ಕರಾರು. ಒಲ್ಲೆ ಎಂದು ಬರೆದು ಕೊಡುವ ಫಾರಂ ನಮ್ಮ ಮೆಸ್‌ನ ಮೇಜಿನ ಮೇಲೂ ಬಂದಿತ್ತು. ಇಪ್ಪತ್ತೆರಡು ಮಂದಿಯಲ್ಲಿ ತುಂಬಿದವರು ಇಬ್ಬರು, ಇಬ್ಬರೂ ಮದುವೆಯಾಗಿ ವರ್ಷ ತುಂಬದವರು. ಉಳಿದವರಿಗೆ ಮುಂದಿನ ಕರಾರು ಸಿಗದಿದ್ದರೆ ಎಂಬ ಯೋಚನೆ. ನಾನೂ ತುಂಬಲಿಲ್ಲ.

ಬೇರೆ ಪಕ್ಷ ಗೆದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೇ?

ಹಾಗೆಂದು ನನಗನಿಸುವುದಿಲ್ಲ. ಒಬಾಮಾ ಕಾಲದಲ್ಲಿ, 2012ರಲ್ಲಿ, ಗಡೀಪಾರು ಆದವರು ನಾಲ್ಕು ಲಕ್ಷ ದಾಟಿದ್ದರು. ಕೆಂಪು ಸಮುದ್ರಕ್ಕೆ ಬೆಂಕಿ ಬಿದ್ದದ್ದು ಬೈಡನ್ ಕಾಲದಲ್ಲಿ. ಒಡಹುಟ್ಟಿದವರ ಸರದಿಯನ್ನು ಯಾರೂ ಮೊಟಕು ಮಾಡಲಿಲ್ಲ. ವ್ಯತ್ಯಾಸ ಇದೆ, ಅದು ವೇಗದಲ್ಲಿ ಮತ್ತು ಸದ್ದಿನಲ್ಲಿ. ಒಬ್ಬರು ನೋಟಿಸ್ ಕೊಟ್ಟು ಆರು ತಿಂಗಳು ಬಿಟ್ಟು ಮಾಡುವುದನ್ನು ಇನ್ನೊಬ್ಬರು ಶುಕ್ರವಾರ ಸಂಜೆ ಸಹಿ ಹಾಕಿ ಭಾನುವಾರ ಜಾರಿಗೆ ತರುತ್ತಾರೆ. ಒಂಬತ್ತು ತಿಂಗಳ ಕರಾರಿಗೆ ಹಡಗು ಹತ್ತಿದವನಿಗೆ, ಎರಡು ವರ್ಷದ ಸಾಲ ಮಾಡಿ ವೀಸಾ ಪಡೆದವಳಿಗೆ ಆ ಆರು ತಿಂಗಳೇ ಎಲ್ಲ.

ಮನಿಲಾ ಸರ್ಕಾರ ಏನು ಮಾಡುತ್ತಿದೆ?

ಒಂದು ವಿಷಯದಲ್ಲಿ ನಮಗಿಂತ ಮುಂದಿದೆ. 2021ರ ಕೊನೆಯ ಕಾನೂನಿನಿಂದ ವಲಸೆ ಕಾರ್ಮಿಕರಿಗೆಂದೇ ಪ್ರತ್ಯೇಕ ಇಲಾಖೆ ಹುಟ್ಟಿತು. ಕಾನೂನು ನೆರವಿಗೆ, ಊರಿಗೆ ಕರೆತರಲು 'ಆಕ್ಸ್ಯೋನ್' ನಿಧಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ನಾವಿಕರ ಹಕ್ಕುಗಳ ಪ್ರತ್ಯೇಕ ಕಾಯ್ದೆಯೂ ಬಂತು. ಸಿಂಗಾಪುರದಲ್ಲಿ 1995ರಲ್ಲಿ ಮನೆಗೆಲಸದ ಫ್ಲೋರ್ ಕಾಂಟೆಂಪ್ಲಾಸಿಯಾನ್ ಅವರನ್ನು ಗಲ್ಲಿಗೇರಿಸಿದಾಗ ದೇಶವೇ ಬೀದಿಗಿಳಿದಿತ್ತು. ಆ ಸಿಟ್ಟಿನಿಂದ ಶುರುವಾದ ಕಾನೂನುಗಳ ಸರಣಿ ಇದು. ಕೆಲಸಗಾರರನ್ನು ಅಲ್ಲಿ 'ಬಾಗೊಂಗ್ ಬಯಾನಿ', ಹೊಸ ವೀರರು, ಎನ್ನುತ್ತಾರೆ. ವಿಮಾನ ನಿಲ್ದಾಣದಲ್ಲಿ ಅವರಿಗೆ ಬೇರೆ ಸಾಲು. ಕೆಲಸ ಕಳೆದುಕೊಂಡು ಬಂದ ವೀರರಿಗೆ ಊರಿನಲ್ಲಿ ಕೆಲಸ ಎಲ್ಲಿದೆ ಎಂದು ಕೇಳಿದರೆ ಇಲಾಖೆಯವರು ಸಣ್ಣ ಸಾಲದ ಅರ್ಜಿ ಕೊಡುತ್ತಾರಂತೆ.

ಬೋಸನ್‌ನ ತಮ್ಮ ಈಗ ಎಲ್ಲಿದ್ದಾನೆ?

ಅಲ್ಲಿಯೇ. ಇಳಿಯುವ ಮುನ್ನ ಬೋಸನ್ ಹೇಳಿದ್ದು ಇಷ್ಟು. ತಮ್ಮ ಈಗ ಮೂಲೆ ಅಂಗಡಿಗೆ ಹೋಗುವುದಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಅಕ್ಕನ ಮನೆಗೆ ಹೋಗಿ ಲಕೋಟೆಯಲ್ಲಿ ನಗದು ಕೊಡುತ್ತಾನೆ. ಅಕ್ಕ ಸ್ವಂತ ಖಾತೆಯಿಂದ ತಾಯಿಗೆ ಕಳುಹಿಸುತ್ತಾರೆ. ಹೊಸ ತೆರಿಗೆ ಇಲ್ಲ, ಕಿಟಕಿಯಲ್ಲಿ ಗುರುತಿನ ಚೀಟಿ ತೋರಿಸುವ ಕಷ್ಟವೂ ಇಲ್ಲ. ಇಬ್ಬರೂ ಸೇರಿ ಊರಿನವರಿಗೆಂದು ವರ್ಷಕ್ಕೊಂದು 'ಬಾಲಿಕ್‌ಬಾಯನ್' ಎಂಬ ಉಡುಗೊರೆ ಪೆಟ್ಟಿಗೆ ಕಟ್ಟುತ್ತಾರೆ: ಸೋಪು, ಟವೆಲ್, ಕಾಫಿಪುಡಿ, ಡಬ್ಬಿಯಲ್ಲಿ ಬರುವ ಮಾಂಸ, ಅಳಿಯಂದಿರ ಶೂ. ಹಡಗಿನಲ್ಲಿ ಇಲೊಯಿಲೊ ತಲುಪಲು ಎರಡು ತಿಂಗಳು. ಈ ಸಲದ ಪೆಟ್ಟಿಗೆಯಲ್ಲಿ ತಮ್ಮನ ಒಳ್ಳೆಯ ಬಟ್ಟೆಗಳೂ, ಹಳೆಯ ಫೋಟೊಗಳೂ ಇದ್ದವಂತೆ. ಏಕೆ ಎಂದು ತಾಯಿ ಫೋನಿನಲ್ಲಿ ಕೇಳಿದರೆ, ಪೆಟ್ಟಿಗೆಯಲ್ಲಿ ಜಾಗ ಉಳಿದಿತ್ತು ಎಂದನಂತೆ.